ಅಪ್ಪ-ಅಮ್ಮನಿಗೆ ಸ್ಕಾರ್ಬರೊದ ಗ್ರ್ಯಾಂಡ್ ಹೋಟೆಲ್ ಸರಿಹೋಗುತ್ತದೆಯೇ?

ಲೀಡ್ಸ್ ನಿವಾಸಿ
ಎಲ್ಲರಿಗೂ ನಮಸ್ಕಾರ. ನನ್ನ ತಂದೆ-ತಾಯಿ ಶಿವಮೊಗ್ಗದಿಂದ ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಬರುತ್ತಿದ್ದಾರೆ. ಅಪ್ಪ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು ನಿವೃತ್ತರಾದವರು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಕಾರ್ತಿಯರಾದ ಬ್ರಾಂಟೆ ಸೋದರಿಯರಲ್ಲಿ ಕಿರಿಯಳಾದ ಆನ್ ಬ್ರಾಂಟೆಯ ಸಮಾಧಿಯನ್ನು ನೋಡಬೇಕೆಂಬುದು ಅವರ ಬಹುದಿನಗಳ ಆಸೆ. ಅದು ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಸ್ಕಾರ್ಬರೊದಲ್ಲಿದೆ. ಹೇಗೂ ಅಲ್ಲಿಗೆ ಹೋಗುವುದಾದರೆ ಸಮುದ್ರದ ಮೇಲಿನ ಗುಡ್ಡದಂಚಿನಲ್ಲಿರುವ ಗ್ರ್ಯಾಂಡ್ ಹೋಟೆಲ್‌ನಲ್ಲಿಯೇ ಒಂದು ವಾರಾಂತ್ಯ ಉಳಿದುಕೊಳ್ಳೋಣ ಎಂದು ಯೋಚಿಸಿದ್ದೇನೆ. ಬಾಡಿಗೆಯೂ ನಮ್ಮ ಕೈಗೆಟುಕುವಂತಿದೆ.

ಆದರೆ ಕೇಳಿದವರೆಲ್ಲ ಒಂದೊಂದು ಮಾತು ಹೇಳುತ್ತಿದ್ದಾರೆ. ನನ್ನ ಸಹೋದ್ಯೋಗಿಯೊಬ್ಬರು ಅಂಥ ಕಟ್ಟಡದಲ್ಲಿ ಒಮ್ಮೆಯಾದರೂ ತಂಗಬೇಕು ಎನ್ನುತ್ತಾರೆ. ಇನ್ನೊಬ್ಬರು, ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಹೊಸದಾಗಿ ಕಟ್ಟಿದ ಚಿಕ್ಕ ಹೋಟೆಲ್ ಸಾಕು, ಹಳೆಯದರ ಸಹವಾಸ ಬೇಡ ಎನ್ನುತ್ತಾರೆ. ಅಮ್ಮನಿಗೆ ಮಂಡಿನೋವಿದೆ. ಇದರ ಜೊತೆಗೆ, 1993ರಲ್ಲಿ ಅದೇ ಊರಿನ ಹೋಟೆಲೊಂದು ಗುಡ್ಡ ಕುಸಿದು ನಾಶವಾಯಿತೆಂದು ಓದಿದ ಮೇಲೆ ನನ್ನ ಮನಸ್ಸು ಅಳುಕುತ್ತಿದೆ. ಅಲ್ಲಿ ತಂಗಿದವರು ಅಥವಾ ಆ ಊರನ್ನು ಬಲ್ಲವರು ದಯವಿಟ್ಟು ತಿಳಿಸಿ.

ಯಾರ್ಕ್ ವಾಸಿ
ಖಂಡಿತ ಹೋಗಿ, ಆದರೆ ಸಮುದ್ರದ ಕಡೆಯ ಕೋಣೆಯನ್ನೇ ಕೇಳಿ ಪಡೆಯಿರಿ. ಊರಿನ ಕಡೆಗೆ ಮುಖ ಮಾಡಿದ ಕೋಣೆ ಸಿಕ್ಕರೆ ಅಲ್ಲಿಯವರೆಗೆ ಹೋದ ಉದ್ದೇಶವೇ ಅರ್ಧ ಕಳೆದುಹೋಗುತ್ತದೆ.

ಕಟ್ಟಡಪ್ರಿಯ
ಲೀಡ್ಸ್‌ನಲ್ಲಿರುವ ನಿಮಗೆ ಈ ಹೋಟೆಲಿನ ವಾಸ್ತುಶಿಲ್ಪಿಯ ಪರಿಚಯ ಆಗಲೇ ಇದೆ. ನಿಮ್ಮ ಊರಿನ ಟೌನ್ ಹಾಲ್ ಮತ್ತು ಕಾರ್ನ್ ಎಕ್ಸ್‌ಚೇಂಜ್ ಕಟ್ಟಡಗಳನ್ನು ರೂಪಿಸಿದ ಹಲ್ ನಗರದ ಕತ್‌ಬರ್ಟ್ ಬ್ರಾಡ್ರಿಕ್ ಅವರೇ ಗ್ರ್ಯಾಂಡ್ ಹೋಟೆಲನ್ನೂ ರೂಪಿಸಿದವರು. 1867ರಲ್ಲಿ ಅದು ತೆರೆದಾಗ ಯೂರೋಪಿನ ಅತಿ ದೊಡ್ಡ ಹೋಟೆಲ್‌ಗಳಲ್ಲಿ ಒಂದಾಗಿತ್ತು. ಅದರ ವಿನ್ಯಾಸವನ್ನು ವರ್ಷದ ಲೆಕ್ಕಕ್ಕೆ ಹೊಂದಿಸಲಾಗಿತ್ತೆಂದು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ: ಋತುಗಳಿಗೆ 4 ಗೋಪುರಗಳು, ತಿಂಗಳುಗಳಿಗೆ 12 ಅಂತಸ್ತುಗಳು, ವಾರಗಳಿಗೆ 52 ಹೊಗೆಗೂಡುಗಳು, ದಿನಗಳಿಗೆ 365 ಮಲಗುವ ಕೋಣೆಗಳು. ಮೇಲಿನಿಂದ ನೋಡಿದರೆ ಕಟ್ಟಡ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿದ್ದು, ಅದು ವಿಕ್ಟೋರಿಯಾ ರಾಣಿಯ ಗೌರವಾರ್ಥ ಎಂಬ ಮಾತೂ ಇದೆ.

ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಆ ಕಟ್ಟಡ ಗುಡ್ಡವನ್ನು ಬಳಸಿಕೊಂಡ ರೀತಿ. ಊರಿನ ಕಡೆಯಿಂದ ಬಂದವರಿಗೆ ಅದು ದೊಡ್ಡದಾದರೂ ಸಾಮಾನ್ಯ ಎತ್ತರದ ಹೋಟೆಲಿನಂತೆ ಕಾಣುತ್ತದೆ. ಕೆಳಗಿನ ಕಡಲತೀರಕ್ಕೆ ಇಳಿದು ತಲೆಯೆತ್ತಿದರೆ, ನೀವು ಒಳಹೊಕ್ಕ ಅಂತಸ್ತಿನ ಕೆಳಗೂ ಗುಡ್ಡದ ಮೈಗೆ ಒರಗಿಕೊಂಡು ಹಲವು ಅಂತಸ್ತುಗಳಿರುವುದು ಗೊತ್ತಾಗುತ್ತದೆ. ಆರಂಭದ ದಿನಗಳಲ್ಲಿ ಸ್ನಾನದ ತೊಟ್ಟಿಗಳಿಗೆ ಸಿಹಿನೀರಿನ ನಲ್ಲಿಯ ಜೊತೆಗೆ ಸಮುದ್ರದ ನೀರಿನ ನಲ್ಲಿಯೂ ಇತ್ತು, ಏಕೆಂದರೆ ಆ ಕಾಲದ ವೈದ್ಯರು ಉಪ್ಪುನೀರಿನ ಸ್ನಾನವನ್ನು ಔಷಧಿಯೆಂದೇ ಹೇಳಿ ಕಳುಹಿಸುತ್ತಿದ್ದರು. 1914ರ ಡಿಸೆಂಬರ್ 16ರ ಬೆಳಿಗ್ಗೆ ಜರ್ಮನ್ ಯುದ್ಧನೌಕೆಗಳು ಸ್ಕಾರ್ಬರೊ, ವಿಟ್ಬಿ ಮತ್ತು ಹಾರ್ಟ್ಲ್‌ಪೂಲ್‌ಗಳ ಮೇಲೆ ಗುಂಡು ಹಾರಿಸಿದಾಗ ಸಮುದ್ರಕ್ಕೆ ಎದೆಯೊಡ್ಡಿ ನಿಂತಿದ್ದ ಈ ಹೋಟೆಲಿಗೂ ಪೆಟ್ಟು ಬಿತ್ತು. ಎರಡನೆಯ ಮಹಾಯುದ್ಧದಲ್ಲಿ ಇಲ್ಲಿ ವಾಯುಪಡೆಯ ತರಬೇತಿಯವರು ಉಳಿದುಕೊಂಡಿದ್ದರು. ಇಷ್ಟೆಲ್ಲ ಕಂಡ ಕಟ್ಟಡದಲ್ಲಿ ಒಂದು ರಾತ್ರಿ ಕಳೆಯುವ ಅವಕಾಶವನ್ನು ಕಿಟಕಿಯ ಬಣ್ಣ ಸುಲಿದಿದೆ ಎಂಬ ಕಾರಣಕ್ಕೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ನೇರನುಡಿ
ಕಟ್ಟಡಪ್ರಿಯರೇ, ನಿಮ್ಮ ಬರಹವನ್ನು ಆಸಕ್ತಿಯಿಂದ ಓದಿದೆ, ಆದರೆ ಕೊನೆಯ ವಾಕ್ಯವನ್ನು ಒಪ್ಪಲಾರೆ. ಇತಿಹಾಸ ಎಷ್ಟೇ ದೊಡ್ಡದಿದ್ದರೂ ರಾತ್ರಿ ಮಲಗುವವರು ಬದುಕಿರುವ ಮನುಷ್ಯರು. ಕೆಲವು ವರ್ಷಗಳ ಹಿಂದೆ ಇದೇ ಕರಾವಳಿಯ ಬೇರೊಂದು ಊರಿನಲ್ಲಿ, ಹೆಸರು ಹೇಳಲಿಚ್ಛಿಸದ ಒಂದು ಹಳೆಯ ಹೋಟೆಲಿನಲ್ಲಿ ನಾವು ತಂಗಿದ್ದೆವು. ಮರದ ಕಿಟಕಿ ತೇವಕ್ಕೆ ಊದಿಕೊಂಡು ಮುಚ್ಚುತ್ತಿರಲಿಲ್ಲ. ರಾತ್ರಿಯೆಲ್ಲ ಗಾಳಿ ನೇರವಾಗಿ ಹಾಸಿಗೆಯ ಮೇಲೆ ಬೀಸುತ್ತಿತ್ತು. ಬೆಳಿಗ್ಗೆ ಬಿಸಿನೀರು ಬರಲಿಲ್ಲ. ದೂರು ಹೇಳಿದಾಗ ಸಿಕ್ಕ ಉತ್ತರ, ಹಳೆಯ ಕಟ್ಟಡವೆಂದರೆ ಹೀಗೆಯೇ ಎಂಬುದು. ಹಳೆಯದೆಂಬುದು ಅಲಕ್ಷ್ಯಕ್ಕೆ ಹೊದಿಸುವ ಹೊದಿಕೆಯಾಗಬಾರದು. ವಯಸ್ಸಾದ ತಾಯಿಯನ್ನು ಕರೆದುಕೊಂಡು ಹೋಗುವ ಮಗಳಿಗೆ ಗೋಪುರಗಳ ಲೆಕ್ಕಕ್ಕಿಂತ ಲಿಫ್ಟ್ ಕೆಲಸ ಮಾಡುತ್ತದೆಯೇ ಎಂಬುದು ಮುಖ್ಯ.

ಸಿವಿಲ್ ಇಂಜಿನಿಯರ್, ಶೆಫೀಲ್ಡ್
ನೇರನುಡಿಯವರ ಅಸಮಾಧಾನ ನ್ಯಾಯವಾದದ್ದೇ. ಆದರೆ ಇಂಥ ಕಟ್ಟಡಗಳು ಏಕೆ ಇಷ್ಟು ಬೇಗ ಹಾಳಾಗುತ್ತವೆ ಎಂಬುದನ್ನೂ ನೋಡಬೇಕು. ಕಡಲ ಗಾಳಿಯಲ್ಲಿ ಬರುವ ಉಪ್ಪು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳೊಳಗೆ ನೀರಿನೊಂದಿಗೆ ಸೇರುತ್ತದೆ. ನೀರು ಆರಿದ ಮೇಲೆ ಉಪ್ಪು ಅಲ್ಲೇ ಹರಳುಗಟ್ಟಿ ಹಿಗ್ಗುತ್ತದೆ, ಆಗ ಇಟ್ಟಿಗೆಯ ಮುಖ ಪದರಪದರವಾಗಿ ಉದುರುತ್ತದೆ. ಗೋಡೆಯೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದೂ ಊದಿಕೊಂಡು ಸುತ್ತಲಿನ ಕಲ್ಲು-ಇಟ್ಟಿಗೆಗಳನ್ನು ಸೀಳುತ್ತದೆ. ವಿಕ್ಟೋರಿಯಾ ಕಾಲದವರು ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತಿತ್ತು. ನಂತರದ ಕಾಲದಲ್ಲಿ ಎಷ್ಟೋ ಕಟ್ಟಡಗಳ ಸಂದುಗಳಿಗೆ ಗಟ್ಟಿ ಸಿಮೆಂಟ್ ತುಂಬಿದ್ದರಿಂದ ತೇವ ಒಳಗೇ ಸಿಕ್ಕಿಹಾಕಿಕೊಂಡು ಇಟ್ಟಿಗೆಯನ್ನೇ ತಿನ್ನತೊಡಗಿತು.

ಗ್ರ್ಯಾಂಡ್ ಹೋಟೆಲ್ ಇಲ್ಲಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ‘ಗ್ರೇಡ್ 2 ಸ್ಟಾರ್’ ಎಂಬ ದರ್ಜೆ ಪಡೆದ ಕಟ್ಟಡ. ಎಂದರೆ ಕಟ್ಟಡದ ಸ್ವರೂಪಕ್ಕೆ ಧಕ್ಕೆ ತರುವ ಯಾವುದೇ ಬದಲಾವಣೆಗೆ ಮುಂಚಿತ ಅನುಮತಿ ಪಡೆಯಬೇಕು. ಹಳೆಯ ಕಿಟಕಿ ಕಿತ್ತು ಪ್ಲಾಸ್ಟಿಕ್ ಚೌಕಟ್ಟು ಕೂರಿಸುತ್ತೇನೆ ಎನ್ನುವಂತಿಲ್ಲ. ಅಷ್ಟೆತ್ತರದ ಗೋಡೆಗೆ, ಅದೂ ಗುಡ್ಡದಂಚಿನಲ್ಲಿ, ಸಾರುವೆ ಕಟ್ಟುವುದಕ್ಕೇ ಎಷ್ಟು ಖರ್ಚಾಗುತ್ತದೆ ಎಂಬುದು ಈ ಕೆಲಸ ಮಾಡಿದವರಿಗೆ ಗೊತ್ತು. ಒಂದು ಬದಿ ಮುಗಿಯುವಷ್ಟರಲ್ಲಿ ಇನ್ನೊಂದು ಬದಿ ಕೆಲಸ ಬೇಡುತ್ತಿರುತ್ತದೆ.

ನೇರನುಡಿ
ಇಂಜಿನಿಯರ್ ಸಾಹೇಬರೇ, ಹೊರಗೋಡೆಯ ಕಷ್ಟವನ್ನು ನೀವು ಚೆನ್ನಾಗಿ ವಿವರಿಸಿದಿರಿ, ಅದನ್ನು ಒಪ್ಪುತ್ತೇನೆ. ಆದರೆ ಶುಭ್ರವಾದ ಹೊದಿಕೆ ಹಾಕಲು, ನಲ್ಲಿಯ ರಬ್ಬರ್ ಬದಲಿಸಲು, ಉರಿಯದ ದೀಪವನ್ನು ತೆಗೆದು ಹೊಸದನ್ನು ಹಾಕಲು ಯಾವ ಸಂರಕ್ಷಣಾ ಇಲಾಖೆಯ ಅನುಮತಿಯೂ ಬೇಕಿಲ್ಲ. ಎಲ್ಲ ಹಳೆಯ ಹೋಟೆಲುಗಳ ಬಗ್ಗೆಯೂ ನಾನು ಈ ಮಾತನ್ನು ಹೇಳುತ್ತಿದ್ದೇನೆ.

ಹಲ್ ಕನ್ನಡತಿ
ನಿಮ್ಮ ತಂದೆಯವರ ಆಸೆಯ ಬಗ್ಗೆ ಓದಿ ತುಂಬ ಸಂತೋಷವಾಯಿತು. ಅವರಿಗೆ ಇದು ಗೊತ್ತಿರಲೂಬಹುದು: ಆನ್ ಬ್ರಾಂಟೆ ಕೊನೆಯುಸಿರೆಳೆದದ್ದು ಈಗ ಗ್ರ್ಯಾಂಡ್ ಹೋಟೆಲ್ ನಿಂತಿರುವ ಜಾಗದಲ್ಲಿಯೇ. ಆಗ ಅಲ್ಲಿ ಬಾಡಿಗೆಗೆ ಕೊಡುವ ವಸತಿಗೃಹಗಳಿದ್ದವು. ಕ್ಷಯದಿಂದ ಬಳಲುತ್ತಿದ್ದ ಆನ್, ಅಕ್ಕ ಶಾರ್ಲೆಟ್ ಮತ್ತು ಗೆಳತಿ ಎಲೆನ್ ನಸ್ಸಿಯವರೊಂದಿಗೆ 1849ರ ಮೇ ತಿಂಗಳ ಕೊನೆಯ ವಾರದಲ್ಲಿ ಬಂದಿಳಿದು, ಕೆಲವೇ ದಿನಗಳಲ್ಲಿ, ಮೇ 28ರಂದು ತೀರಿಕೊಂಡಳು. ಹೋಟೆಲಿನ ಹೊರಗೋಡೆಯಲ್ಲಿ ಇದನ್ನು ತಿಳಿಸುವ ನೀಲಿ ಫಲಕವಿದೆ. ಅವಳು ಮೊದಲು ಒಂದು ಶ್ರೀಮಂತ ಮನೆತನದ ಮಕ್ಕಳಿಗೆ ಪಾಠ ಹೇಳುವ ಕೆಲಸದಲ್ಲಿದ್ದಾಗ ಆ ಮನೆಯವರೊಂದಿಗೆ ಬೇಸಿಗೆಗಳಲ್ಲಿ ಇಲ್ಲಿಗೆ ಬರುತ್ತಿದ್ದಳು, ಈ ಸಮುದ್ರವನ್ನು ಬಹಳ ಪ್ರೀತಿಸುತ್ತಿದ್ದಳು. ಸಾವಿಗೆ ಎರಡು ದಿನ ಮೊದಲು ಮರಳಿನ ಮೇಲೆ ಕತ್ತೆಯ ಬಂಡಿಯಲ್ಲಿ ಕುಳಿತು ತಾನೇ ಲಗಾಮು ಹಿಡಿದಳಂತೆ, ಬಂಡಿಯ ಹುಡುಗ ಕತ್ತೆಯನ್ನು ಹೊಡೆದಾನೆಂಬ ಮರುಕದಿಂದ.

ಅವಳ ಅಣ್ಣನೂ ಅಕ್ಕ ಎಮಿಲಿಯೂ ಅದರ ಹಿಂದಿನ ಎಂಟು-ಒಂಬತ್ತು ತಿಂಗಳಲ್ಲಿ ಸತ್ತಿದ್ದರು. ವೃದ್ಧ ತಂದೆಗೆ ಮತ್ತೊಂದು ಮಗುವಿನ ಶವಸಂಸ್ಕಾರ ನೋಡುವ ಸಂಕಟ ಬೇಡವೆಂದು ಶಾರ್ಲೆಟ್ ತಂಗಿಯನ್ನು ಸ್ಕಾರ್ಬರೊದಲ್ಲಿಯೇ ಮಣ್ಣು ಮಾಡಿಸಿದಳು. ಹಾಗಾಗಿ ಆ ಕುಟುಂಬದಲ್ಲಿ ತಮ್ಮ ಊರಾದ ಹಾವರ್ತ್‌ನಿಂದ ದೂರ ಮಲಗಿರುವವಳು ಅವಳೊಬ್ಬಳೇ. ಸಮಾಧಿಯಿರುವುದು ಕೋಟೆಯ ಕೆಳಗಿನ ಸೇಂಟ್ ಮೇರಿ ಚರ್ಚಿನ ಆವರಣದಲ್ಲಿ. ಕಲ್ಲಿನ ಮೇಲೆ ವಯಸ್ಸು 28 ಎಂದು ಕೆತ್ತಿದ್ದಾರೆ, ವಾಸ್ತವವಾಗಿ ಅವಳಿಗೆ 29 ಆಗಿತ್ತು. ಅದನ್ನು ಸರಿಪಡಿಸಿ ತಿಳಿಸುವ ಫಲಕವೊಂದನ್ನು 2013ರಲ್ಲಿ ಪಕ್ಕದಲ್ಲಿ ಇಡಲಾಯಿತು. ಚರ್ಚಿಗೆ ಹೋಗುವ ದಾರಿ ಏರು, ಆದ್ದರಿಂದ ನಿಮ್ಮ ತಾಯಿಯವರೂ ಜೊತೆಗಿದ್ದರೆ ಟ್ಯಾಕ್ಸಿಯಲ್ಲಿ ಹೋಗಿ.

ಲೀಡ್ಸ್ ನಿವಾಸಿ
ಅಕ್ಕಾ, ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಅವಳು ಸತ್ತದ್ದು ಅದೇ ಜಾಗದಲ್ಲಿ ಎಂಬುದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ; ಅವರು ಆಗಲೇ ಅಲ್ಲಿಯೇ ಉಳಿಯಬೇಕೆಂದು ನಿಶ್ಚಯಿಸಿಬಿಟ್ಟಿದ್ದಾರೆ. ಇನ್ನು ಗುಡ್ಡದ ವಿಷಯವೊಂದು ಸ್ಪಷ್ಟವಾದರೆ ನನಗೂ ಸಮಾಧಾನ.

ಭೂವಿಜ್ಞಾನ ಓದಿದವ
1993ರಲ್ಲಿ ನಾಶವಾದದ್ದು ಹಾಲ್ಬೆಕ್ ಹಾಲ್ ಹೋಟೆಲ್. ಗ್ರ್ಯಾಂಡ್‌ನಿಂದ ಸುಮಾರು ಒಂದೂವರೆ ಕಿಲೋಮೀಟರ್ ದಕ್ಷಿಣಕ್ಕೆ, ಸೌತ್ ಕ್ಲಿಫ್‌ನ ಆ ತುದಿಯಲ್ಲಿ ಅದಿತ್ತು. 1879ರಲ್ಲಿ ಖಾಸಗಿ ಮನೆಯಾಗಿ ಕಟ್ಟಿದ್ದನ್ನು ನಂತರ ಹೋಟೆಲ್ ಮಾಡಿದ್ದರು. ಅಲ್ಲಿನ ಗುಡ್ಡದ ಎತ್ತರ ಸುಮಾರು 60 ಮೀಟರ್. ಅದು ಬಂಡೆಯ ಗುಡ್ಡವಲ್ಲ. ಹಿಮಯುಗದಲ್ಲಿ ಹಿಮನದಿಗಳು ಹೊತ್ತು ತಂದು ಸುರಿದುಹೋದ ಜೇಡಿ, ಮರಳು, ಕಲ್ಲುಗಳ ಮಿಶ್ರಣ. ಇಂಥ ಮಣ್ಣು ಒಣಗಿದ್ದಾಗ ಗಟ್ಟಿಯಾಗಿಯೇ ನಿಲ್ಲುತ್ತದೆ, ಒಳಗೆ ನೀರಿನ ಒತ್ತಡ ಹೆಚ್ಚಿದಾಗ ತನ್ನ ಬಲವನ್ನು ಕಳೆದುಕೊಳ್ಳುತ್ತದೆ.

ಕುಸಿತಕ್ಕೆ ಆರು ವಾರ ಮೊದಲೇ ಇಳಿಜಾರಿನ ಕಾಲುದಾರಿಗಳ ಡಾಂಬರಿನಲ್ಲಿ ಬಿರುಕುಗಳು ಕಾಣಿಸಿಕೊಂಡಿದ್ದವು. ಕುಸಿತದ ಹಿಂದಿನ ಎರಡು ತಿಂಗಳಲ್ಲಿ ಸುಮಾರು 140 ಮಿಲಿಮೀಟರ್ ಮಳೆಯಾಗಿತ್ತು, ಇಳಿಜಾರಿನ ಬಸಿಗಾಲುವೆಗಳೂ ಸರಿಯಾಗಿರಲಿಲ್ಲ. ಜೂನ್ 3ರ ರಾತ್ರಿ ಭೂಮಿ ಚಲಿಸಲಾರಂಭಿಸಿತು. 4ರ ಬೆಳಿಗ್ಗೆ ಅತಿಥಿಯೊಬ್ಬರು ಕಿಟಕಿಯಿಂದ ನೋಡಿದಾಗ ಹೋಟೆಲಿನ ಮುಂದಿನ ಉದ್ಯಾನದ ಬಹುಭಾಗ ಅಲ್ಲಿರಲಿಲ್ಲ. ಕೂಡಲೇ ಎಲ್ಲರನ್ನೂ ಹೊರಗೆ ಕಳುಹಿಸಿದ್ದರಿಂದ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಮುಂದೆ ಕಟ್ಟಡ ಹಂತಹಂತವಾಗಿ ಒಡೆದು ಬೀಳುವುದನ್ನು ಜನ ದೂರದರ್ಶನದಲ್ಲಿ ನೋಡಿದರು. ಒಟ್ಟು ಜಾರಿದ ಮಣ್ಣು ಸುಮಾರು ಹತ್ತು ಲಕ್ಷ ಟನ್. ಅದು ಕಡಲತೀರವನ್ನು ದಾಟಿ ಗುಡ್ಡದ ಬುಡದಿಂದ 135 ಮೀಟರ್ ದೂರದವರೆಗೆ ಸಮುದ್ರದೊಳಕ್ಕೆ ಚಾಚಿಕೊಂಡಿತು.

ಮ್ಯಾಂಚೆಸ್ಟರ್ ಮಲೆನಾಡಿಗ
ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ನಮಗೆ ಈ ವಿವರಣೆ ಚೆನ್ನಾಗಿ ಅರ್ಥವಾಗುತ್ತದೆ. ಹೊರಗಿನಿಂದ ಹೊಡೆಯುವ ನೀರಿಗಿಂತ ಒಳಗೆ ಇಳಿದು ನಿಂತ ನೀರಿಗೆ ಹೆದರಬೇಕು.

ನೇರನುಡಿ
ಹೋಟೆಲ್ ಕಳೆದುಕೊಂಡವರಿಗೆ ಪರಿಹಾರ ಸಿಕ್ಕಿತೇ?

ಭೂವಿಜ್ಞಾನ ಓದಿದವ
ಹೋಟೆಲಿನ ಮಾಲೀಕರು ಕೆಳಗಿನ ಇಳಿಜಾರಿನ ಒಡೆತನ ಹೊಂದಿದ್ದ ಸ್ಕಾರ್ಬರೊ ನಗರ ಮಂಡಳಿಯ ಮೇಲೆ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು, ಆದರೆ 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಮಂಡಳಿಯ ಪರವಾಗಿ ತೀರ್ಪು ಕೊಟ್ಟಿತು. ನೆರೆಯ ಜಮೀನಿಗೆ ಆಸರೆ ಒದಗಿಸುವ ಹೊಣೆ ಮಂಡಳಿಗಿದೆಯಾದರೂ, ಹೆಚ್ಚಿನ ಭೂವೈಜ್ಞಾನಿಕ ತನಿಖೆಯಿಲ್ಲದೆ ಇಷ್ಟು ದೊಡ್ಡ ಕುಸಿತವನ್ನು ಮುಂಗಾಣಲು ಸಾಧ್ಯವಿರಲಿಲ್ಲ ಎಂಬುದು ಆ ತೀರ್ಪಿನ ಸಾರ. ಕಾನೂನು ಓದುವವರಿಗೆ ಇಂದಿಗೂ ಅದು ಮುಖ್ಯವಾದ ಪ್ರಕರಣ.

ಲೀಡ್ಸ್ ನಿವಾಸಿ
ಹಾಗಾದರೆ ಗ್ರ್ಯಾಂಡ್ ಹೋಟೆಲಿನ ಗುಡ್ಡಕ್ಕೂ ಹೀಗಾಗಬಹುದೇ ಎಂದು ನೇರವಾಗಿಯೇ ಕೇಳುತ್ತೇನೆ. ನನಗೆ ಭೂವಿಜ್ಞಾನ ಗೊತ್ತಿಲ್ಲ, ಅಪ್ಪ-ಅಮ್ಮನನ್ನು ಕರೆದೊಯ್ಯುವ ಜವಾಬ್ದಾರಿ ಮಾತ್ರ ನನ್ನದು.

ಭೂವಿಜ್ಞಾನ ಓದಿದವ
ಎರಡೂ ಜಾಗಗಳ ಪರಿಸ್ಥಿತಿ ಬೇರೆ. ಹಾಲ್ಬೆಕ್‌ನ ಮುಂದೆ ಉದ್ಯಾನವೂ ಅದರಾಚೆ ಎತ್ತರವಾದ ತೆರೆದ ಇಳಿಜಾರೂ ಇದ್ದವು. ಗ್ರ್ಯಾಂಡ್ ಹೋಟೆಲು ಇಳಿಜಾರಿನ ಮೇಲೆ ಕುಳಿತಿಲ್ಲ, ಇಳಿಜಾರಿನ ಉದ್ದಕ್ಕೂ ತಾನೇ ಕೆಳಗಿಳಿದು ನಿಂತಿದೆ. ಅದರ ಬುಡದಲ್ಲಿ ಕಡಲತೀರದ ರಸ್ತೆಯಿದೆ, ಅಲೆಗಳು ನೇರವಾಗಿ ಗುಡ್ಡದ ಪಾದವನ್ನು ಕೊರೆಯುವುದಿಲ್ಲ. ಆದರೆ ಮಲೆನಾಡಿಗರು ಹೇಳಿದ ಮಾತೂ ಸರಿಯೇ, ಅಲೆ ತಾಕದಿದ್ದ ಮಾತ್ರಕ್ಕೆ ಗುಡ್ಡ ಭದ್ರವೆನ್ನಲಾಗದು. ಈ ಕರಾವಳಿಯ ಇಳಿಜಾರುಗಳನ್ನು 1993ರ ನಂತರ ತಜ್ಞರು ಬಹಳ ಎಚ್ಚರಿಕೆಯಿಂದ ಗಮನಿಸುತ್ತಿದ್ದಾರೆ. ಕಡಲತೀರದ ಹಳೆಯ ಸಭಾಂಗಣವಾದ ಸ್ಪಾ ಕಟ್ಟಡದ ಹಿಂದಿನ ಇಳಿಜಾರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಆಳಕ್ಕೆ ಕಂಬಗಳನ್ನು ಇಳಿಸಿ, ಉಕ್ಕಿನ ಸರಳುಗಳನ್ನು ಮಣ್ಣಿನೊಳಗೆ ಹೊಡೆದು ಬಿಗಿಪಡಿಸಿದ್ದಾರೆ. ಒಂದು ವಾರಾಂತ್ಯಕ್ಕೆ ಹೋಗಿಬರುವವರು ಇದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ. ನಾನಾದರೆ ನನ್ನ ತಂದೆ-ತಾಯಿಯನ್ನು ಕರೆದುಕೊಂಡು ಹೋಗುತ್ತಿದ್ದೆ.

ಉಳ್ಳಾಲದವ
ನಮ್ಮ ಉಳ್ಳಾಲದಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಸುದ್ದಿ ತಪ್ಪುವುದಿಲ್ಲ. ಕಲ್ಲಿನ ತಡೆಗೋಡೆ ಹಾಕಿದರೆ ಸಮುದ್ರ ಅದರ ಪಕ್ಕದ ಜಾಗವನ್ನು ಕೊರೆಯಲು ತೊಡಗುತ್ತದೆ. ಆದ್ದರಿಂದ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಹೋಟೆಲು ಸಮುದ್ರದ ನೆತ್ತಿಯ ಮೇಲೆ ನಿಂತಿದೆ ಎಂದರೆ ಅದನ್ನು ಕಟ್ಟಿದವರ ಬಗ್ಗೆ ನನಗೆ ಗೌರವ ಮೂಡುತ್ತದೆ. ಇನ್ನೊಂದು ವಿಷಯವನ್ನು ನಿಮ್ಮ ತಂದೆಯವರಿಗೆ ಮೊದಲೇ ಹೇಳಿಡಿ: ನಮ್ಮ ಕರಾವಳಿಯಲ್ಲಿ ಸೂರ್ಯ ಸಮುದ್ರಕ್ಕಿಳಿಯುತ್ತಾನೆ, ಅಲ್ಲಿ ಸಮುದ್ರದಿಂದ ಮೇಲೇಳುತ್ತಾನೆ. ಜೂನ್ ತಿಂಗಳಲ್ಲಿ ಅದು ಬೆಳಗಿನ ನಾಲ್ಕೂವರೆಯ ಹೊತ್ತಿಗೇ ಆಗಿಬಿಡುತ್ತದೆ. ಮುಂಜಾನೆ ಬೇಗ ಏಳುವ ಅಭ್ಯಾಸವಿರುವ ಹಿರಿಯರಿಗೆ ಆ ಕಿಟಕಿಯ ಬಳಿ ಒಂದು ಕುರ್ಚಿ ಹಾಕಿಕೊಟ್ಟರೆ ಬೇರೇನೂ ಬೇಡ.

ಹಕ್ಕಿ ನೋಡುವವಳು
ಸಮುದ್ರದ ಕಡೆಯ ಕೋಣೆ ಕೇಳಿ ಎಂದವರಾರೂ ಹಕ್ಕಿಗಳ ಬಗ್ಗೆ ಹೇಳಲಿಲ್ಲ! ಗ್ರ್ಯಾಂಡ್ ಹೋಟೆಲಿನ ಸಮುದ್ರದ ಬದಿಯ ಅಂಚುಗಳಲ್ಲಿ ಪ್ರತಿ ವರ್ಷ ಕಿಟಿವೇಕ್ ಎಂಬ ಗಲ್ ಜಾತಿಯ ಹಕ್ಕಿಗಳು ಗೂಡು ಕಟ್ಟುತ್ತವೆ. ಚಳಿಗಾಲವನ್ನು ಅಟ್ಲಾಂಟಿಕ್ ಸಾಗರದ ಮೇಲೆ ಕಳೆದು, ವಸಂತ ಸಮೀಪಿಸುತ್ತಿದ್ದಂತೆ ಹಿಂದಿರುಗಿ, ಆಗಸ್ಟ್ ಹೊತ್ತಿಗೆ ಮರಿಗಳೊಂದಿಗೆ ಹೊರಟುಹೋಗುತ್ತವೆ. ಅವು ಗೂಡು ಕಟ್ಟುವುದು ಕಡಿದಾದ ಬಂಡೆಗಳ ಚಾಚುಗಳ ಮೇಲೆ. ಆ ಹೋಟೆಲಿನ ಗೋಡೆ ಅವುಗಳ ಕಣ್ಣಿಗೆ ಇನ್ನೊಂದು ಬಂಡೆ, ಅಷ್ಟೇ. ಬ್ರಿಟನ್ನಿನಲ್ಲಿ ಅವುಗಳ ಸಂಖ್ಯೆ ಬಹಳ ಕುಸಿದಿರುವುದರಿಂದ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿಯಲ್ಲಿ ಸೇರಿಸಿದ್ದಾರೆ.

ಜೂನ್ ಎಂದರೆ ಮರಿಗಳ ಕಾಲ. ಬೆಳಗಾಗುವ ಮೊದಲೇ ಗದ್ದಲ ಶುರುವಾಗುತ್ತದೆ, ಹಿಕ್ಕೆಯ ವಾಸನೆಯೂ ಇರುತ್ತದೆ. ನಿದ್ದೆ ಸೂಕ್ಷ್ಮವಾಗಿರುವವರು ಇದನ್ನು ಮೊದಲೇ ತಿಳಿದಿರಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಕಾಡುಹಕ್ಕಿಯ ಗೂಡನ್ನು ಹೋಟೆಲಿನ ಕಿಟಕಿಯಿಂದ ಇಷ್ಟು ಹತ್ತಿರದಲ್ಲಿ ನೋಡುವ ಅವಕಾಶ ಬೇರೆಲ್ಲಿಯೂ ನನಗೆ ಸಿಕ್ಕಿಲ್ಲ.

ನೇರನುಡಿ
ಕಟ್ಟಡದ ಸಂರಕ್ಷಣೆಗಾಗಿ ಬಲೆ ಕಟ್ಟಿ ಹಕ್ಕಿಗಳನ್ನು ದೂರವಿಡುವುದು ತಪ್ಪೇ? ಹಿಕ್ಕೆಯಿಂದ ಗೋಡೆ ಹಾಳಾಗುತ್ತದೆಯಲ್ಲ.

ಹಕ್ಕಿ ನೋಡುವವಳು
ಬಲೆ ಸಡಿಲವಾದರೆ ಹಕ್ಕಿಗಳು ಅದರೊಳಗೆ ಸಿಕ್ಕಿಕೊಂಡು ನೇತಾಡುತ್ತ ಸಾಯುತ್ತವೆ. ಅದನ್ನು ಕಣ್ಣಾರೆ ಕಂಡವರು ಈ ಪ್ರಶ್ನೆಯನ್ನು ಇಷ್ಟು ಸುಲಭವಾಗಿ ಕೇಳಲಾರರು. ಬಳಕೆಯಲ್ಲಿರುವ ಗೂಡನ್ನು ಕೆಡವುವುದು 1981ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ ಕೂಡ. ಗೋಡೆಯನ್ನು ಆಗಸ್ಟ್ ಕಳೆದ ಮೇಲೆ ತೊಳೆಯಬಹುದು.

ಸಿವಿಲ್ ಇಂಜಿನಿಯರ್, ಶೆಫೀಲ್ಡ್
ತೊಳೆಯಬಹುದು, ಆದರೆ ಜೋರಾದ ನೀರಿನ ಪಂಪಿನಿಂದ ತೊಳೆದರೆ ಹಕ್ಕಿಗಳು ಮಾಡಿದ್ದಕ್ಕಿಂತ ಹೆಚ್ಚಿನ ಹಾನಿಯನ್ನು ನಾವೇ ಮಾಡಿದಂತಾಗುತ್ತದೆ. ಮೆತ್ತಗೆ ಉಜ್ಜಿ ತೆಗೆಯಬೇಕು, ಅದಕ್ಕೂ ಸಾರುವೆಯೇ ಬೇಕು.

ಸ್ಕಾರ್ಬರೊ ದಾದಿ
ನಾನು ಈ ಊರಿನಲ್ಲಿಯೇ ವಾಸವಾಗಿರುವವಳು, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯಲು ಅನುಮತಿ ಕೊಡಿ. ಗ್ರ್ಯಾಂಡ್ ಹೋಟೆಲನ್ನು ಕಟ್ಟಿದ್ದು ಹಣವಂತರಿಗಾಗಿ. 1845ರಲ್ಲಿ ಯಾರ್ಕ್‌ನಿಂದ ರೈಲು ಬಂದ ಮೇಲೆ ಊರು ಬೆಳೆಯಿತು, ದೊಡ್ಡ ಕುಟುಂಬಗಳು ಆಳುಕಾಳುಗಳೊಂದಿಗೆ ಬಂದು ಬೇಸಿಗೆ ಕಳೆಯುತ್ತಿದ್ದವು. ನೂಲಿನ ಗಿರಣಿ ಮತ್ತು ಕಲ್ಲಿದ್ದಲ ಗಣಿಯ ಕೆಲಸಗಾರರು ಒಂದು ದಿನದ ರೈಲಿನಲ್ಲಿ ಬಂದು, ಕೆಳಗೆ ಮರಳಿನ ಮೇಲೆ ನಿಂತು ಈ ಕಟ್ಟಡವನ್ನು ತಲೆಯೆತ್ತಿ ನೋಡಿ ಹಿಂದಿರುಗುತ್ತಿದ್ದರು. ಹಣವಂತರು ವಿದೇಶದ ಬಿಸಿಲನ್ನು ಹುಡುಕಿಕೊಂಡು ಹೊರಟುಹೋದ ಮೇಲೆ, 1970ರ ದಶಕದ ಕೊನೆಯಲ್ಲಿ ಬಟ್ಲಿನ್ಸ್ ಸಂಸ್ಥೆ ಇದನ್ನು ಕೊಂಡು ಸಾಮಾನ್ಯ ಜನರ ರಜೆಯ ತಾಣವನ್ನಾಗಿ ಮಾಡಿತು. ಒಡೆತನ ಆಮೇಲೆ ಬದಲಾಯಿತು, ಆದರೆ ಅಲ್ಲಿಗೆ ಬರುವವರು ಇಂದಿಗೂ ಬಹುಮಟ್ಟಿಗೆ ಅಂಥ ಜನರೇ. ಬಸ್ ಪ್ರವಾಸದಲ್ಲಿ ಬರುವ ನಿವೃತ್ತ ದಂಪತಿಗಳನ್ನು ನಾನು ದಿನವೂ ನೋಡುತ್ತೇನೆ. ಅವರ ಅಜ್ಜ-ಅಜ್ಜಿಯರಿಗೆ ಒಳಗೆ ಕಾಲಿಡಲೂ ಸಾಧ್ಯವಿರದ ದೊಡ್ಡ ಮೆಟ್ಟಿಲಸಾಲಿನಲ್ಲಿ ಅವರು ಈಗ ಕೈಹಿಡಿದುಕೊಂಡು ಇಳಿದು ಊಟಕ್ಕೆ ಹೋಗುತ್ತಾರೆ.

ಇದನ್ನೆಲ್ಲ ನವೀಕರಿಸಿ ಐಷಾರಾಮಿ ಹೋಟೆಲ್ ಮಾಡಬೇಕು, ಇಲ್ಲವೇ ಶ್ರೀಮಂತರ ಫ್ಲ್ಯಾಟುಗಳಾಗಿ ವಿಂಗಡಿಸಬೇಕು ಎಂದು ಹೇಳುವವರಿದ್ದಾರೆ. ಆಗ ಗೋಡೆ ಹೊಳೆಯುತ್ತದೆ, ನಿಜ. ಆದರೆ ಆ ಜನ ಮತ್ತೆ ಕೆಳಗಿನ ಮರಳಿಗೇ ಹೋಗಿ ನಿಲ್ಲಬೇಕಾಗುತ್ತದೆ. ಕಡಿಮೆ ಬಾಡಿಗೆಯೇ ಈ ಕಟ್ಟಡದ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟಿದೆ ಎಂಬುದನ್ನು ಮರೆಯಬೇಡಿ. ನೇರನುಡಿಯವರ ಸಿಟ್ಟಿಗೆ ಕಾರಣವಿದೆ, ಆದರೆ ಪರಿಹಾರ ಬಾಡಿಗೆ ಏರಿಸುವುದರಲ್ಲಿಲ್ಲ.

ನೇರನುಡಿ
ದಾದಿ ಅಕ್ಕನವರೇ, ಬಾಡಿಗೆ ಏರಿಸಿ ಎಂದು ನಾನು ಹೇಳಲಿಲ್ಲ. ಕಡಿಮೆ ಹಣ ಕೊಡುವವರಿಗೆ ಬಿಸಿನೀರು ಬೇಡವೇ ಎಂದು ಕೇಳುತ್ತಿದ್ದೇನೆ. ಬಡವರಿಗೆ ಬಾಗಿಲು ತೆರೆದಿಟ್ಟಿದ್ದೇವೆ ಎಂಬ ಸಮಾಧಾನದಲ್ಲಿ ಬಾಗಿಲ ಒಳಗಿನ ಸ್ಥಿತಿಯನ್ನು ಕ್ಷಮಿಸಿಬಿಟ್ಟರೆ, ನಾವು ಅವರಿಗೆ ಕೊಟ್ಟ ಗೌರವವಾದರೂ ಯಾವುದು? ಮೈಸೂರಿನಲ್ಲಿ, ಊಟಿಯಲ್ಲಿ ಹಳೆಯ ಬಂಗಲೆಗಳನ್ನು ಹೋಟೆಲ್ ಮಾಡಿದ್ದನ್ನು ನೋಡಿದ್ದೇನೆ. ಒಂದೋ ಸಾಮಾನ್ಯರು ಹತ್ತಿರ ಸುಳಿಯಲಾಗದಷ್ಟು ದುಬಾರಿ, ಇಲ್ಲವೇ ಮಾಡು ಸೋರುವ ಸ್ಥಿತಿ. ಇವೆರಡರ ನಡುವಿನ ದಾರಿಯೊಂದು ಇರಲೇಬೇಕು.

ಸ್ಕಾರ್ಬರೊ ದಾದಿ
ಆ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಸಂರಕ್ಷಿತ ಕಟ್ಟಡದ ದುರಸ್ತಿಯ ಹೊರೆಯಲ್ಲಿ ಸ್ವಲ್ಪ ಭಾಗವನ್ನು ಸಾರ್ವಜನಿಕ ಹಣ ಹೊರಬೇಕು, ಬದಲಿಗೆ ಕೋಣೆಗಳ ಶುಚಿತ್ವ ಮತ್ತು ಬಾಡಿಗೆಯ ಮಿತಿಯ ಬಗ್ಗೆ ಷರತ್ತು ವಿಧಿಸಬೇಕು ಎಂಬುದು ನನ್ನ ಅಭಿಪ್ರಾಯ. ಇಡೀ ಊರಿನ ಚಿತ್ರವೇ ಆ ಕಟ್ಟಡದ ಸುತ್ತ ಇರುವಾಗ ಅದನ್ನು ಕೇವಲ ಒಬ್ಬ ಮಾಲೀಕನ ಲಾಭ-ನಷ್ಟಕ್ಕೆ ಬಿಡುವುದು ಸರಿಯಲ್ಲ.

ಕಟ್ಟಡಪ್ರಿಯ
ಈ ಮಾತಿಗೆ ನನ್ನ ಸಂಪೂರ್ಣ ಬೆಂಬಲವಿದೆ. ಬಣ್ಣ ಸುಲಿದ ಕಿಟಕಿಯನ್ನು ಸಹಿಸಿಕೊಳ್ಳಬೇಕೆಂದು ನಾನು ಈಗಲೂ ಹೇಳುತ್ತೇನೆ, ಆದರೆ ಮುಚ್ಚದ ಕಿಟಕಿಯನ್ನು ಸಹಿಸಬೇಕಾಗಿಲ್ಲ.

ಲೀಡ್ಸ್ ನಿವಾಸಿ
ನಿಮ್ಮೆಲ್ಲರ ಮಾತುಗಳನ್ನು ಅಪ್ಪನಿಗೆ ಓದಿ ಹೇಳಿದೆ. ನಾವು ಹೋಗುವುದು ಖಚಿತವಾಯಿತು. ದಾದಿ ಅಕ್ಕ, ಸ್ಥಳೀಯರಾದ ನೀವೇ ಹೇಳಿ: ಮಂಡಿನೋವಿರುವ ಅಮ್ಮ ಕಡಲತೀರಕ್ಕೆ ಇಳಿಯುವುದು ಹೇಗೆ? ಅವರು ಮೊಟ್ಟೆಯನ್ನೂ ತಿನ್ನುವುದಿಲ್ಲ, ಊಟದ ವ್ಯವಸ್ಥೆ ಹೇಗೆ ಮಾಡಿಕೊಳ್ಳಲಿ?

ಸ್ಕಾರ್ಬರೊ ದಾದಿ
ರೈಲು ನಿಲ್ದಾಣದಿಂದ ಹೋಟೆಲಿಗೆ ಬಹುಮಟ್ಟಿಗೆ ಸಮತಟ್ಟಾದ ದಾರಿ, ನಿಧಾನವಾಗಿ ನಡೆದರೂ ಕಾಲು ಗಂಟೆ ಸಾಕು. ಸಾಮಾನಿದ್ದರೆ ಟ್ಯಾಕ್ಸಿ ಮಾಡಿ. ಕೋಣೆ ಕಾದಿರಿಸುವಾಗ ಫೋನಿನಲ್ಲಿಯೇ ಮಾತನಾಡಿ, ಲಿಫ್ಟಿಗೆ ಹತ್ತಿರವಾದ, ಮಧ್ಯೆ ಮೆಟ್ಟಿಲುಗಳಿಲ್ಲದ ಕೋಣೆಯೇ ಬೇಕೆಂದು ಹೇಳಿ, ಅದನ್ನು ಇಮೇಲ್‌ನಲ್ಲಿ ಬರೆಯಿಸಿಕೊಳ್ಳಿ. ಹಳೆಯ ಕಟ್ಟಡಗಳಲ್ಲಿ ಲಿಫ್ಟಿನಿಂದ ಇಳಿದ ಮೇಲೂ ಉದ್ದವಾದ ನಡುದಾರಿಗಳಿರುತ್ತವೆ, ಅವುಗಳ ನಡುವೆ ಮೂರು-ನಾಲ್ಕು ಮೆಟ್ಟಿಲು ಬರುವುದುಂಟು.

ಕಡಲತೀರಕ್ಕೆ ಇಳಿಯಲು ಹೋಟೆಲಿನ ಪಕ್ಕದಲ್ಲಿಯೇ ಸೆಂಟ್ರಲ್ ಟ್ರಾಮ್‌ವೇ ಇದೆ. ಹಳಿಗಳ ಮೇಲೆ ಗುಡ್ಡವನ್ನು ಹತ್ತಿ ಇಳಿಯುವ ಆ ಪುಟ್ಟ ಗಾಡಿ 1881ರಿಂದ ಓಡುತ್ತಿದೆ. ಇಂಥ ಗಾಡಿ ಬ್ರಿಟನ್ನಿನಲ್ಲಿ ಮೊಟ್ಟಮೊದಲು ಶುರುವಾದದ್ದು ಇದೇ ಊರಿನ ಸೌತ್ ಕ್ಲಿಫ್‌ನಲ್ಲಿ, 1875ರಲ್ಲಿ. ಹೋಟೆಲಿನ ಎದುರಿನಿಂದಲೇ ಆರಂಭವಾಗುವ 1827ರ ಸ್ಪಾ ಸೇತುವೆಯ ಮೇಲೆ ವಾಹನಗಳಿಲ್ಲ. ಸಂಜೆ ಅಮ್ಮನನ್ನು ಅಲ್ಲಿ ನಿಧಾನವಾಗಿ ನಡೆಸಬಹುದು. ಜೂನ್‌ನಲ್ಲಿಯೂ ಕೆಲವೊಮ್ಮೆ ಸಮುದ್ರದಿಂದ ಮಂಜು ನುಗ್ಗಿ ಒಮ್ಮೆಲೇ ಚಳಿಯಾಗುತ್ತದೆ, ಆದ್ದರಿಂದ ಶಾಲು ಮತ್ತು ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ಊಟದ ವಿಷಯದಲ್ಲಿ, ಬೆಳಗಿನ ತಿಂಡಿಗೆ ಸುಟ್ಟ ಬ್ರೆಡ್ಡು, ಟೊಮೆಟೊ, ಅಣಬೆ, ಬೀನ್ಸ್, ಹಣ್ಣು ಸಿಗುತ್ತವೆ. ಕರಿದ ಆಲೂಗಡ್ಡೆ ತಿನ್ನುವ ಆಸೆಯಾದರೆ ಯಾವ ಕೊಬ್ಬಿನಲ್ಲಿ ಕರಿದದ್ದೆಂದು ಕೇಳಿಯೇ ಕೊಳ್ಳಿ, ಏಕೆಂದರೆ ಯಾರ್ಕ್‌ಷೈರ್‌ನ ಎಷ್ಟೋ ಅಂಗಡಿಗಳಲ್ಲಿ ದನದ ಕೊಬ್ಬನ್ನು ಬಳಸುತ್ತಾರೆ.

ಹಲ್ ಕನ್ನಡತಿ
ಚಿತ್ರಾನ್ನ ಅಥವಾ ಪುಳಿಯೋಗರೆ ಮಾಡಿ ಕಟ್ಟಿಕೊಂಡು ಹೋಗಿಬಿಡಿ. ಸ್ಪಾ ಸೇತುವೆಯಾಚೆಯ ಉದ್ಯಾನದಲ್ಲಿ ಕುಳಿತು ತಿನ್ನಬಹುದು. ಕೆಳಗೆ ಮರಳಿನ ಹತ್ತಿರ ಮಾತ್ರ ಡಬ್ಬಿ ತೆರೆಯಬೇಡಿ, ಅಲ್ಲಿನ ದೊಡ್ಡ ಗಲ್ ಹಕ್ಕಿಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.

ಹಕ್ಕಿ ನೋಡುವವಳು
ಅವು ಹೆರಿಂಗ್ ಗಲ್‌ಗಳು, ಕಿಟಿವೇಕ್‌ಗಳಲ್ಲ! ಕಿಟಿವೇಕ್‌ಗಳು ದೂರದ ಸಮುದ್ರದಲ್ಲಿ ಮೀನು ಹಿಡಿದು ಬದುಕುವವು, ಯಾರ ಡಬ್ಬಿಗೂ ಬರುವುದಿಲ್ಲ. ದಯವಿಟ್ಟು ಈ ವ್ಯತ್ಯಾಸವನ್ನು ನೆನಪಿಡಿ. ಒಂದರ ತಪ್ಪಿಗೆ ಇನ್ನೊಂದನ್ನು ಜನ ಓಡಿಸಲು ನೋಡುತ್ತಾರೆ.

ಲೀಡ್ಸ್ ನಿವಾಸಿ
ಹೋಟೆಲಿಗೆ ಈಗಷ್ಟೇ ಫೋನ್ ಮಾಡಿದೆ. ಸಮುದ್ರದ ಕಡೆಯ, ಲಿಫ್ಟಿಗೆ ಹತ್ತಿರದ ಕೋಣೆಯನ್ನು ಕೇಳಿದ್ದೇನೆ, ಇಮೇಲ್‌ನಲ್ಲಿ ದೃಢಪಡಿಸುತ್ತೇವೆ ಎಂದಿದ್ದಾರೆ. ನೇರನುಡಿಯವರು ಹೇಳಿದ್ದನ್ನು ಮರೆಯದೆ ಬಿಸಿನೀರು ಮತ್ತು ಕಿಟಕಿಯ ಬಗ್ಗೆಯೂ ವಿಚಾರಿಸಿದೆ.

ನೇರನುಡಿ
ಬಹಳ ಒಳ್ಳೆಯದಾಯಿತು. ಒಳಹೊಕ್ಕ ಕೂಡಲೇ, ಪೆಟ್ಟಿಗೆ ಬಿಚ್ಚುವ ಮೊದಲು, ನಲ್ಲಿ ತಿರುಗಿಸಿ ನೋಡಿ, ಕಿಟಕಿ ಮುಚ್ಚಿ ನೋಡಿ. ಸರಿಯಿಲ್ಲದಿದ್ದರೆ ಆಗಲೇ ಬೇರೆ ಕೋಣೆ ಕೇಳಿ. ರಾತ್ರಿಯ ಹೊತ್ತಿಗೆ ಕೇಳಿದರೆ ಖಾಲಿ ಕೋಣೆ ಉಳಿದಿರುವುದಿಲ್ಲ.